ಕಲ್ಲಿಗೆ ಕೊಟ್ಟ ಮಾತು: ಕ್ರಿಸ್ತರಾಜರ ಹಬ್ಬಕ್ಕೊಂದು ಚಿಂತನೆ



ಪೂಜಾವರ್ಷದ ಕೊನೆಯ ಭಾನುವಾರ ನಾವು ಕ್ರಿಸ್ತರಾಜರ ಹಬ್ಬವನ್ನು ಆಚರಿಸುತ್ತೇವೆ. ಈ ಹಬ್ಬ ಬಹಳ ಹಳೆಯದೇನಲ್ಲ. 1925ರ ಡಿಸೆಂಬರ್ 11ರಂದು ಜಗದ್ಗುರು ಹನ್ನೊಂದನೆಯ ಪಯಸ್‌ರವರು ಇದನ್ನು ಸ್ಥಾಪಿಸಿದರು. ಮೊದಲ ಮಹಾಯುದ್ಧ ಮುಗಿದಿತ್ತು, ಯೂರೋಪಿನ ದೊಡ್ಡ ದೊಡ್ಡ ಚಕ್ರವರ್ತಿಗಳ ಸಿಂಹಾಸನಗಳು ಉರುಳಿಬಿದ್ದಿದ್ದವು, ಬರಿದಾದ ಆ ಜಾಗದಲ್ಲಿ ಸರ್ವಾಧಿಕಾರಿಗಳು ಒಬ್ಬೊಬ್ಬರಾಗಿ ತಲೆಯೆತ್ತುತ್ತಿದ್ದರು. ತಮ್ಮ ಮೇಲೆ ಯಾರೂ ಇಲ್ಲ, ತಾವು ಆಡಿದ್ದೇ ನ್ಯಾಯ ಎಂದು ಹೇಳುವ ಆ ಅರಸರಿಗೆ ಎದುರಾಗಿ ಧರ್ಮಸಭೆ ಈ ಹಬ್ಬವನ್ನು ಇಟ್ಟಿತು. ಆದ್ದರಿಂದ ಕ್ರಿಸ್ತರಾಜರ ಹಬ್ಬದ ಹಿಂದೆ ಒಂದು ಪ್ರಶ್ನೆ ಇದೆ. ಅರಸನ ಕೈಯನ್ನು ತಡೆಯುವುದು ಯಾವುದು?

ಈ ಪ್ರಶ್ನೆಗೆ ಉತ್ತರ ಹುಡುಕಲು ನಾವು ರೋಮ್‌ವರೆಗೆ ಹೋಗಬೇಕಾಗಿಲ್ಲ. ನಮ್ಮ ಸುತ್ತಮುತ್ತಲ ಊರುಗಳಲ್ಲೇ ಅದರ ಗುರುತುಗಳಿವೆ. ನಾಗಮಂಗಲ ತಾಲ್ಲೂಕಿನಲ್ಲಿ ಆದಿಚುಂಚನಗಿರಿಯ ಬೆಟ್ಟವಿದೆ. ಅದೇ ತಾಲ್ಲೂಕಿನ ಕಂಬದಹಳ್ಳಿಯಲ್ಲಿ ಗಂಗರ ಕಾಲದ ಪಂಚಕೂಟ ಬಸದಿ ಇದೆ. ಪಾಂಡವಪುರದ ಕಡೆಗೆ ಬಂದರೆ ಮೇಲುಕೋಟೆ, ಅಂದರೆ ಹಳೆಯ ತಿರುನಾರಾಯಣಪುರ. ಕೃಷ್ಣರಾಜಪೇಟೆಯನ್ನು ದಾಟಿ ಮುಂದೆ ಹೋದರೆ ಹಾಸನ ಜಿಲ್ಲೆಯ ಶ್ರವಣಬೆಳಗೊಳ. ಶೈವರು, ಜೈನರು, ಶ್ರೀವೈಷ್ಣವರು ಒಬ್ಬರ ಬಾಗಿಲಿಗೆ ಇನ್ನೊಬ್ಬರ ಬಾಗಿಲು ಎದುರಾಗುವಷ್ಟು ಹತ್ತಿರದಲ್ಲಿ ಸಾವಿರ ವರ್ಷ ಬಾಳಿದ ನಾಡು ಇದು. ಹತ್ತಿರ ಇದ್ದವರಲ್ಲಿ ಜಗಳವೂ ಇರುತ್ತದೆ. ಅಂಥದೊಂದು ಜಗಳದಿಂದ ಹುಟ್ಟಿದ ಶಾಸನವೊಂದು ಶ್ರವಣಬೆಳಗೊಳದ ಊರೊಳಗಿನ ಭಂಡಾರಿ ಬಸದಿಯಲ್ಲಿದೆ. ಬಸದಿಯನ್ನು 1159ರಲ್ಲಿ ಹೊಯ್ಸಳ ನರಸಿಂಹನ ಭಂಡಾರಿ ಹುಳ್ಳ ಕಟ್ಟಿಸಿದ. ಶಾಸನ ಅದಕ್ಕಿಂತ ಎರಡು ಶತಮಾನ ಈಚಿನದು, ವಿಜಯನಗರದ ಬುಕ್ಕರಾಯನ ಕಾಲದ್ದು. ಶಕ ವರ್ಷ 1290, ಕೀಲಕ ಸಂವತ್ಸರ, ಭಾದ್ರಪದ ಶುದ್ಧ ದಶಮಿ, ಗುರುವಾರ. ನಮ್ಮ ಲೆಕ್ಕದಲ್ಲಿ 1368ರ ಆಗಸ್ಟ್ 24.

ಜಗಳ ಯಾವುದರ ಬಗ್ಗೆ? ಜೈನರಿಗೂ ಶ್ರೀವೈಷ್ಣವ ಭಕ್ತರಿಗೂ ವಿವಾದ ಬಂತು. ಪಂಚಮಹಾವಾದ್ಯ ಬಾರಿಸುವ ಮತ್ತು ಕಲಶವನ್ನು ಬಳಸುವ ಹಕ್ಕು ಜೈನರಿಗೆ ಇದೆಯೇ ಎಂಬುದು ಅದರ ತಿರುಳು. ಇಷ್ಟಕ್ಕೇ ಜಗಳವೇ ಎಂದು ಕೇಳುವವರು ಹಳ್ಳಿಯಲ್ಲಿ ಹುಟ್ಟಿದವರಲ್ಲ. ನಮ್ಮ ಧರ್ಮಕೇಂದ್ರಗಳಲ್ಲೂ ತೇರು ಯಾವ ಬೀದಿಯಲ್ಲಿ ಹೋಗಬೇಕು, ಬ್ಯಾಂಡ್‌ಸೆಟ್ ಎಲ್ಲಿಯವರೆಗೆ ಬಾರಿಸಬಹುದು, ಯಾರ ಮನೆ ಮುಂದೆ ನಿಲ್ಲಬೇಕು ಎಂಬುದರ ಮೇಲೆ ಎಷ್ಟು ರಾತ್ರಿಗಳು ಪಂಚಾಯ್ತಿ ನಡೆದಿದೆ ಎಂದು ಹಿರಿಯರನ್ನು ಕೇಳಿದರೆ ಹೇಳುತ್ತಾರೆ. ವಾದ್ಯ ಎಂದರೆ ಬರೀ ಸದ್ದಲ್ಲ. ‘ನಾವೂ ಈ ಊರಿನವರು’ ಎಂದು ಗಟ್ಟಿಯಾಗಿ ಹೇಳಿಕೊಳ್ಳುವುದು ಅದು.

ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೇಹ ಮುಂತಾದ ಊರುಗಳ ಜೈನರು ಅರಸನ ಬಳಿಗೆ ಹೋಗಿ, ಭಕ್ತರು ತಮಗೆ ಅನ್ಯಾಯ ಮಾಡುತ್ತಿದ್ದಾರೆ ಎಂದು ಬಿನ್ನಹ ಮಾಡಿದರು. ಕಲ್ಲೇಹ ಎಂದರೆ ಮಾಗಡಿ ತಾಲ್ಲೂಕಿನ ಇಂದಿನ ಕಲ್ಯ. ಅಲ್ಲೂ ಇದೇ ತೀರ್ಪಿನ ಶಾಸನವಿದೆ. ಅರಸನ ಮುಂದೆ ಆಗ ಎರಡು ಸುಲಭದ ದಾರಿಗಳಿದ್ದವು. ಬಲವಂತರ ಪಕ್ಷ ಹಿಡಿದು ಸಣ್ಣವರ ಬಾಯಿ ಮುಚ್ಚಿಸುವುದು ಒಂದು. ಸೈನಿಕರನ್ನು ಕಳಿಸಿ ಬಲವಂತರನ್ನು ಬಡಿಸಿ, ಸಣ್ಣವರನ್ನು ಎಂದೆಂದಿಗೂ ತನ್ನ ಕೃಪೆಯ ಮೇಲೇ ಬದುಕುವಂತೆ ಮಾಡುವುದು ಇನ್ನೊಂದು. ಬುಕ್ಕರಾಯ ಎರಡನ್ನೂ ಮಾಡಲಿಲ್ಲ.

ಅವನು ಶ್ರೀರಂಗ, ತಿರುಮಲೆ, ಕಂಚಿ, ಮೇಲುಕೋಟೆ ಈ ನಾಲ್ಕು ಮುಖ್ಯ ಕ್ಷೇತ್ರಗಳ ಆಚಾರ್ಯರನ್ನೂ ಹದಿನೆಂಟು ನಾಡಿನ ಶ್ರೀವೈಷ್ಣವರನ್ನೂ ಸೇರಿಸಿದ. ಶಾಸನ ಆ ಸಭೆಯವರನ್ನು ಒಂದೊಂದಾಗಿ ಹೆಸರಿಸುತ್ತದೆ. ಅದರಲ್ಲಿ ಆಚಾರ್ಯರು ಮಾತ್ರವಲ್ಲ, ತಿರುಕುಲದವರೂ ಜಾಂಬವಕುಲದವರೂ ಇದ್ದಾರೆ. ಸಮಾಜ ಊರ ಹೊರಗೆ ಇಟ್ಟಿದ್ದ ಜನ ಅವರು. ಮೇಲುಕೋಟೆಯಲ್ಲಿ ರಾಮಾನುಜಾಚಾರ್ಯರ ಕಾಲದಿಂದ ಅವರಿಗೆ ಒಂದು ಸ್ಥಾನ ಇತ್ತೆಂದು ಆ ಕ್ಷೇತ್ರದ ಪರಂಪರೆ ಹೇಳುತ್ತದೆ. ಅವರ ಹೆಸರಿಲ್ಲದೆ ಒಪ್ಪಂದ ಪೂರ್ತಿಯಾಗಲಿಲ್ಲ. ಕಲ್ಲಿನ ಬೇರಾವ ಮಾತಿಗಿಂತ ಹೆಚ್ಚಾಗಿ ಈ ಪಟ್ಟಿ ನಮ್ಮನ್ನು ನಿಲ್ಲಿಸಿ ಯೋಚಿಸುವಂತೆ ಮಾಡಿತು.

ಅವರೆಲ್ಲರ ಎದುರಿಗೆ ಅರಸ ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಸಾರಿ, ಜೈನರ ಕೈಯನ್ನು ಹಿಡಿದು ವೈಷ್ಣವರ ಕೈಗೆ ಇತ್ತ. ನಮ್ಮ ಮದುವೆಗಳಲ್ಲಿ ಹೆಣ್ಣಿನ ಕೈಯನ್ನು ಹಿಡಿದು ಒಪ್ಪಿಸುವಾಗ ಎಲ್ಲರ ಕಣ್ಣು ಒದ್ದೆಯಾಗುವುದು ಏಕೆ? ಒಪ್ಪಿಸಿದ ಮೇಲೆ ಹೊಣೆ ಹಿಡಿದವರದು. ಹಾಗೆಯೇ ಇಲ್ಲಿಯೂ. ಜೈನರಿಗೆ ಪಂಚಮಹಾವಾದ್ಯವೂ ಕಲಶವೂ ಹಿಂದಿನಂತೆಯೇ ಸಲ್ಲಬೇಕು. ಭಕ್ತರ ದೆಸೆಯಿಂದ ಜೈನ ದರ್ಶನಕ್ಕೆ ಹಾನಿಯಾದರೂ ವೃದ್ಧಿಯಾದರೂ ಅದನ್ನು ವೈಷ್ಣವರು ತಮ್ಮದೇ ಹಾನಿ, ತಮ್ಮದೇ ವೃದ್ಧಿ ಎಂದು ಕಾಣಬೇಕು. ರಾಜ್ಯದ ಎಲ್ಲ ಬಸದಿಗಳಲ್ಲೂ ಈ ಶಾಸನವನ್ನು ನೆಡಬೇಕಾದವರು ಶ್ರೀವೈಷ್ಣವರೇ.

ಇದರ ಜೊತೆಗೆ ಒಂದು ಏರ್ಪಾಡೂ ಆಯಿತು. ಜೈನರು ಮನೆಬಾಗಿಲಿಗೆ ವರ್ಷಕ್ಕೆ ಒಂದು ಹಣದಂತೆ ಕೊಡಬೇಕು. ಹಣ ಎಂದರೆ ಆಗಿನ ಒಂದು ಸಣ್ಣ ನಾಣ್ಯ. ತಿರುಮಲೆಯ ತಾತಯ್ಯನವರು ಅದರಿಂದ ಬೆಳಗೊಳದ ದೇವರ ಅಂಗರಕ್ಷೆಗೆ 20 ಆಳುಗಳನ್ನು ನೇಮಿಸಬೇಕು. ಉಳಿದ ಹೊನ್ನಿನಲ್ಲಿ ಜೀರ್ಣವಾದ ಜಿನಾಲಯಗಳಿಗೆ ಸುಣ್ಣ ಬಳಿಸಬೇಕು. ತಮ್ಮ ರಕ್ಷಣೆಗೆ ತಾವೇ ಹಣ ತೆರುವಂತಾಯಿತಲ್ಲ, ಇದು ಯಾವ ನ್ಯಾಯ ಎಂದು ಕೆಲವರು ಕೇಳಬಹುದು. ನಮಗೂ ಹಾಗೆ ಅನ್ನಿಸಿತು. ಆದರೆ ಹಣ ಎತ್ತಿದ್ದು ಜೈನರ ಅನುಮತಿಯಿಂದ ಎಂದು ಕಲ್ಲು ಹೇಳುತ್ತದೆ. ಆ ಹಣ ಅರಮನೆಯ ಬೊಕ್ಕಸಕ್ಕೆ ಹೋಗಲೂ ಇಲ್ಲ.

ಇದರಲ್ಲಿ ಅರಸನ ಅಧಿಕಾರಕ್ಕೆ ಮಿತಿ ಎಲ್ಲಿ ಬಂತು? ಈ ಪ್ರಶ್ನೆ ನ್ಯಾಯವಾದದ್ದೇ. ‘ಅರಸನು ಇಂಥದ್ದನ್ನು ಮಾಡತಕ್ಕದ್ದಲ್ಲ’ ಎಂಬ ವಾಕ್ಯ ಈ ಕಲ್ಲಿನಲ್ಲಿ ಇಲ್ಲ. ಕಟ್ಟಳೆ ಮೀರಿದವನು ರಾಜದ್ರೋಹಿ, ಸಂಘ ಸಮುದಾಯಗಳಿಗೂ ದ್ರೋಹಿ ಎಂದಷ್ಟೇ ಇದೆ. ಆದರೂ ಮೂರು ಗಂಟುಗಳಿಂದ ಬುಕ್ಕರಾಯ ತನ್ನ ಕೈಯನ್ನು ತಾನೇ ಕಟ್ಟಿಕೊಂಡ ಎಂಬುದು ನಮ್ಮ ಅಭಿಪ್ರಾಯ. ವಾದ್ಯ ಮತ್ತು ಕಲಶವನ್ನು ಅವನು ತನ್ನ ಹೊಸ ವರವೆಂದು ಕೊಡಲಿಲ್ಲ, ಅವು ಪೂರ್ವದ ಮರ್ಯಾದೆ ಎಂದ. ಕೊಟ್ಟದ್ದನ್ನು ಕೊಟ್ಟವನು ಹಿಂದಕ್ಕೆ ತೆಗೆದುಕೊಳ್ಳಬಹುದು. ತನಗಿಂತ ಮೊದಲೇ ಇದ್ದದ್ದನ್ನು ಹೇಗೆ ತೆಗೆದುಕೊಂಡಾನು? ಎರಡನೆಯದಾಗಿ, ಕಾವಲನ್ನು ಅವನು ತನ್ನ ಕೈಯಲ್ಲಿ ಇಟ್ಟುಕೊಳ್ಳದೆ ಜನರ ಕೈಗೆ ಕೊಟ್ಟ. ಇನ್ನೊಂದು, ಸೂರ್ಯ ಚಂದ್ರರು ಇರುವವರೆಗೆ ಎಂಬ ಅವಧಿ. ಅರಸ ಸಾಯುತ್ತಾನೆ, ವಂಶ ಅಳಿಯುತ್ತದೆ. ಕಲ್ಲು ಮಾತ್ರ ಬಸದಿಯ ಬಾಗಿಲಲ್ಲೇ ನಿಂತು, ಮುಂದೆ ಬರುವ ಅರಸನನ್ನೂ ಅವನ ಅಧಿಕಾರಿಯನ್ನೂ ನೋಡುತ್ತಿರುತ್ತದೆ. ಬುಕ್ಕರಾಯನ ಬಿರುದುಗಳಲ್ಲಿ ಒಂದು ‘ಭಾಷೆಗೆ ತಪ್ಪುವ ರಾಯರ ಗಂಡ’ ಎಂಬುದು. ಕೊಟ್ಟ ಮಾತಿಗೆ ತಪ್ಪುವ ಅರಸರನ್ನು ಅಡಗಿಸುವವನು ಎಂದು ಅದರ ಅರ್ಥ. ಇಂಥ ಬಿರುದು ಹೊತ್ತವನು ತಾನೇ ಭಾಷೆಗೆ ತಪ್ಪಿದರೆ ಊರು ನಗುವುದಿಲ್ಲವೇ?

ಅರಸನ ಅಧಿಕಾರಿಗಳನ್ನೇ ನೇರವಾಗಿ ಕಟ್ಟಿಹಾಕಿದ ಶಾಸನವೂ ಕನ್ನಡ ನಾಡಿನಲ್ಲಿ ಇಲ್ಲದಿಲ್ಲ. ಇಂದಿನ ಗದಗ ಜಿಲ್ಲೆಯ ಲಕ್ಷ್ಮೇಶ್ವರ ಹಿಂದೆ ಪುಲಿಗೆರೆ. ಬಾದಾಮಿ ಚಾಲುಕ್ಯರ ಯುವರಾಜ ವಿಕ್ರಮಾದಿತ್ಯ ಎಂಟನೆಯ ಶತಮಾನದ ಮೊದಲ ಭಾಗದಲ್ಲಿ ಆ ಊರಿನ ಮಹಾಜನರಿಗೂ ನಗರದ ವರ್ತಕರಿಗೂ ಹದಿನೆಂಟು ಪ್ರಕೃತಿಗಳಿಗೂ ಒಂದು ಆಚಾರವ್ಯವಸ್ಥೆಯನ್ನು ಬರೆಸಿಕೊಟ್ಟ. ರಾಜಪುರುಷರು ಏನೇನನ್ನು ಕಾಪಾಡಬೇಕು, ತಾಮ್ರಶಾಸನಗಳನ್ನೂ ಬಹುಕಾಲದಿಂದ ಅನುಭವಿಸಿಕೊಂಡು ಬಂದ ಆಸ್ತಿಯನ್ನೂ ಹೇಗೆ ಗೌರವಿಸಬೇಕು, ಮನೆಯ ಅಂತಸ್ತಿಗೆ ತಕ್ಕಂತೆ ವರ್ಷಕ್ಕೆ ಎಷ್ಟು ತೆರಿಗೆ ಎಂಬುದೆಲ್ಲ ಅದರಲ್ಲಿದೆ. ಇಂಗ್ಲೆಂಡಿನಲ್ಲಿ ಅಂಥ ಮಾತು ಕಾಗದಕ್ಕೆ ಬರುವುದಕ್ಕೆ ಸುಮಾರು ಐದು ಶತಮಾನ ಮುಂಚಿನ ವಿಷಯ ಇದು.

ಇಂಗ್ಲೆಂಡಿನ ಕಥೆಯನ್ನೂ ಇಲ್ಲಿ ಹೇಳಬೇಕು, ಏಕೆಂದರೆ ಅದರಲ್ಲಿ ನಮ್ಮ ಧರ್ಮಸಭೆಯ ಪಾಲು ದೊಡ್ಡದು. ಬುಕ್ಕರಾಯನ ಶಾಸನಕ್ಕೆ 153 ವರ್ಷ ಹಿಂದೆ, 1215ರ ಜೂನ್ 15ರಂದು, ಥೇಮ್ಸ್ ನದಿಯ ದಡದ ರನ್ನಿಮೀಡ್ ಎಂಬ ಹುಲ್ಲುಗಾವಲಿನಲ್ಲಿ ಜಾನ್ ಅರಸ ಮ್ಯಾಗ್ನಾ ಕಾರ್ಟಾ ಎಂಬ ಮಹಾ ಸನ್ನದಿಗೆ ಮುದ್ರೆ ಒತ್ತಿದ. ಮನಸ್ಸಿನಿಂದಲ್ಲ. ಯುದ್ಧಗಳಲ್ಲಿ ಸೋತು, ಆ ಸೋಲಿನ ಖರ್ಚನ್ನೆಲ್ಲ ಪ್ರಜೆಗಳ ತಲೆಯ ಮೇಲೆ ಹೇರಿ, ಪಾಳೆಯಗಾರರು ಲಂಡನ್ ಹಿಡಿದ ಮೇಲೆ ಬೇರೆ ದಾರಿಯಿಲ್ಲದೆ ಒತ್ತಿದ. ಈ ಸಂಧಾನದ ಹಿಂದೆ ಇದ್ದವರು ಕ್ಯಾಂಟರ್‌ಬರಿಯ ಮಹಾಧರ್ಮಾಧ್ಯಕ್ಷ ಸ್ಟೀಫನ್ ಲ್ಯಾಂಗ್ಟನ್. ಇಂದು ನಾವು ಬೈಬಲ್ ತೆರೆದು ಅಧ್ಯಾಯದ ಸಂಖ್ಯೆ ಹುಡುಕುತ್ತೇವಲ್ಲ, ಆ ವಿಂಗಡಣೆ ಮಾಡಿದವರೂ ಇವರೇ ಎಂದು ಹೇಳುತ್ತಾರೆ. ಸನ್ನದಿನ ಮೊದಲ ಮಾತೇ ಧರ್ಮಸಭೆಯ ಸ್ವಾತಂತ್ರ್ಯದ್ದು. ನಾಡಿನ ಕಾನೂನಿನ ಪ್ರಕಾರ ತೀರ್ಪಾಗದೆ ಯಾವ ಸ್ವತಂತ್ರ ಮನುಷ್ಯನನ್ನೂ ಹಿಡಿಯಬಾರದು, ಅವನ ಆಸ್ತಿ ಕಸಿಯಬಾರದು, ನ್ಯಾಯವನ್ನು ಮಾರಬಾರದು ಎಂಬವು ಅದರ ಹೆಸರಾದ ಕಲಮುಗಳು. ಅರಸ ತಪ್ಪಿದರೆ ತಡೆಯಲು 25 ಮಂದಿ ಪಾಳೆಯಗಾರರ ಕಾವಲು.

ಈ ಕಥೆಯಲ್ಲಿ ನಮಗೆ ನುಂಗಲು ಕಷ್ಟವಾದ ಒಂದು ಭಾಗವೂ ಇದೆ. ಜಾನ್ ಅರಸ ಎರಡು ವರ್ಷ ಮೊದಲು ತನ್ನ ರಾಜ್ಯವನ್ನು ಜಗದ್ಗುರುಗಳ ಪಾದಕ್ಕೆ ಒಪ್ಪಿಸಿ ಅವರ ಸಾಮಂತನಾಗಿದ್ದ. ಅವನ ದೂರಿನ ಮೇಲೆ, ಬಲವಂತದಿಂದ ಪಡೆದದ್ದು ಎಂಬ ಕಾರಣ ಕೊಟ್ಟು, ಜಗದ್ಗುರು ಮೂರನೆಯ ಇನ್ನೊಸೆಂಟರು ಸನ್ನದನ್ನು ರದ್ದು ಮಾಡಿದರು. ಅದು 1215ರ ಆಗಸ್ಟ್ 24. ಬೆಳಗೊಳದ ಕಲ್ಲಿನ ದಿನವೂ ಅದೇ, ಪ್ರೇಷಿತ ಸಂತ ಬಾರ್ತೊಲೊಮಾಯರ ಹಬ್ಬ! ಕಾಕತಾಳೀಯ ಅಷ್ಟೇ, ಆದರೂ ಹೇಳದೆ ಇರಲಾಗಲಿಲ್ಲ. ಲ್ಯಾಂಗ್ಟನ್‌ರನ್ನೂ ಅಧಿಕಾರದಿಂದ ಅಮಾನತುಗೊಳಿಸಲಾಯಿತು. ಮುಂದಿನ ವರ್ಷ ಜಾನ್ ಸತ್ತ, ಒಂಬತ್ತು ವರ್ಷದ ಮಗ ಪಟ್ಟಕ್ಕೆ ಬಂದ. ಆಗ ಅದೇ ಸನ್ನದನ್ನು ಸ್ವಲ್ಪ ತಿದ್ದಿ ಮತ್ತೆ ಹೊರಡಿಸಿದಾಗ ಅದಕ್ಕೆ ಮುದ್ರೆ ಒತ್ತಿದವರಲ್ಲಿ ಜಗದ್ಗುರುಗಳ ರಾಯಭಾರಿ ಗುವಾಲಾ ಒಬ್ಬರು. ರೋಮ್ ಹರಿದದ್ದನ್ನು ರೋಮ್‌ನ ಪ್ರತಿನಿಧಿಯೇ ಹೊಲಿದರು ಎನ್ನಬೇಕು.

ಕಲ್ಲಾಗಲಿ ಚರ್ಮದ ಹಾಳೆಯಾಗಲಿ, ಬರೆದದ್ದನ್ನು ಉಳಿಸಿದ್ದು ಯಾವುದು? ಅರಸನ ಮೇಲೆ ಸೈನ್ಯ ಕಳಿಸುವವರು ಯಾರೂ ಇರಲಿಲ್ಲ. ಇದ್ದದ್ದು ಶಾಪ. ಬೆಳಗೊಳದ ಶಾಸನ, ಈ ಧರ್ಮವನ್ನು ಕೆಡಿಸಿದವನು ತಪಸ್ವಿಯಾಗಲಿ ಊರ ಮುಖ್ಯಸ್ಥನಾಗಲಿ, ಗಂಗೆಯ ದಡದಲ್ಲಿ ಕಪಿಲೆಯ ಹಸುವನ್ನೂ ಬ್ರಾಹ್ಮಣನನ್ನೂ ಕೊಂದ ಪಾಪಕ್ಕೆ ಹೋಗುತ್ತಾನೆ ಎನ್ನುತ್ತದೆ. 1253ರಲ್ಲಿ ಲಂಡನ್ನಿನ ವೆಸ್ಟ್‌ಮಿನ್‌ಸ್ಟರಿನಲ್ಲಿ ಧರ್ಮಾಧ್ಯಕ್ಷರು ಉರಿಯುವ ಮೇಣದಬತ್ತಿಗಳನ್ನು ಹಿಡಿದು, ಸನ್ನದು ಮುರಿಯುವವರಿಗೆ ಬಹಿಷ್ಕಾರ ಸಾರಿ, ಬತ್ತಿಗಳನ್ನು ನೆಲಕ್ಕೆಸೆದು ಆರಿಸಿದರು. ಅರಸ ಮೂರನೆಯ ಹೆನ್ರಿ ಅಲ್ಲೇ ಇದ್ದು ಆಣೆ ಮಾಡಿದ. ಆಮೇಲೆ ಆಣೆಗೆ ತಪ್ಪಿದ ಎಂಬುದೂ ನಿಜ. ನಮ್ಮಲ್ಲೂ ಜಗಳ ಒಂದೇ ಸಲಕ್ಕೆ ಮುಗಿಯಲಿಲ್ಲ. 1638ರಲ್ಲಿ ಹಳೇಬೀಡಿನ ಬಸದಿಯ ಕಂಬಗಳ ಮೇಲೆ ಲಿಂಗಮುದ್ರೆ ಒತ್ತಿದ ಕಾರಣಕ್ಕೆ ಜೈನರಿಗೂ ವೀರಶೈವರಿಗೂ ವಿವಾದ ಎದ್ದಿತು. ಆಗಲೂ ಎರಡೂ ಕಡೆಯ ಹಿರಿಯರು ಕೂತು, ಜೈನರ ಪೂಜೆ ನಡೆಯಲಿ ಎಂದು ತೀರ್ಮಾನಿಸಿ, ಕಲ್ಲು ನೆಟ್ಟರು. ಅದನ್ನು ಮೀರಿದವನು ಶಿವದ್ರೋಹಿ ಎಂದು ಬರೆಸಿದವರು ವೀರಶೈವರೇ.

ಇಂಥ ಕಲ್ಲು ಇಲ್ಲದ ಕಡೆ ಏನಾಗುತ್ತದೆ ಎಂಬುದಕ್ಕೆ ಶ್ರೀರಂಗಪಟ್ಟಣ ಸಾಕ್ಷಿ. 1784ರ ತಪಸ್ಸುಕಾಲದ ಆರಂಭದಲ್ಲಿ ಕರಾವಳಿಯ ಕಥೋಲಿಕ ಕುಟುಂಬಗಳನ್ನು, ಇಂಗ್ಲಿಷರಿಗೆ ಸಹಾಯ ಮಾಡಿದರೆಂಬ ಆಪಾದನೆಯ ಮೇಲೆ, ಟಿಪ್ಪು ಸುಲ್ತಾನನ ಆಜ್ಞೆಯಂತೆ ಹಿಡಿದು ಘಟ್ಟ ಹತ್ತಿಸಿ ಇಲ್ಲಿಗೆ ನಡೆಸಿಕೊಂಡು ಬಂದರು. ತಪ್ಪು ಮಾಡಿದವನು ಯಾರು, ಮಾಡದ ಮುದುಕಿ ಯಾರು, ಮಗು ಯಾರು ಎಂಬ ವಿಚಾರಣೆ ನಡೆಯಲಿಲ್ಲ. 1799ರವರೆಗೆ ಆ ಸೆರೆ ಮುಂದುವರಿಯಿತು. ಅನೇಕರು ದಾರಿಯಲ್ಲೇ ಸತ್ತರು. ಅದೇ ಸುಲ್ತಾನ ಶೃಂಗೇರಿ ಮಠಕ್ಕೆ ಗೌರವದಿಂದ ಪತ್ರ ಬರೆದು ನೆರವು ಕಳಿಸಿದ್ದೂ ದಾಖಲೆಯಲ್ಲಿ ಇದೆ. ಆದ್ದರಿಂದ ಒಬ್ಬ ಅರಸನನ್ನು ಪೂರ್ತಿ ಕರಿಯನೆಂದು ಚಿತ್ರಿಸುವ ಆಸೆ ನಮಗಿಲ್ಲ. ಒಂದು ಕಡೆ ಕೃಪೆ, ಇನ್ನೊಂದು ಕಡೆ ಕೋಪ. ಎರಡೂ ಅವನ ಮನಸ್ಸಿನಿಂದಲೇ ಬಂದವು, ನಡುವೆ ನಿಂತು ತಡೆಯುವ ಒಂದು ಬರಹ ಇರಲಿಲ್ಲ. ಸೆರೆ ಬಿಟ್ಟ ಮೇಲೆ ಇಲ್ಲಿ ಚದುರಿಹೋಗಿದ್ದ ವಿಶ್ವಾಸಿಗಳನ್ನು ಒಟ್ಟುಗೂಡಿಸಲು ಬಂದವರು ಫ್ರೆಂಚ್ ಗುರು ಅಬ್ಬೆ ದ್ಯುಬುವಾ. ಜನ ಅವರನ್ನು ದೊಡ್ಡ ಸ್ವಾಮಿಯೋರು ಎಂದು ಕರೆದರು.

ಅಧಿಕಾರ ನಮ್ಮವರ ಕೈಯಲ್ಲಿದ್ದಾಗ ನಾವು ಹೇಗೆ ನಡೆದುಕೊಂಡೆವು? ಗೋವೆಯಲ್ಲಿ 1560ರಲ್ಲಿ ಆರಂಭವಾದ ಧರ್ಮವಿಚಾರಣಾ ಮಂಡಳಿಯ ಕಥೆಯನ್ನು ಓದಿದವರು ತಲೆ ತಗ್ಗಿಸಬೇಕಾಗುತ್ತದೆ. ವಿಶ್ವಾಸದ ಹೆಸರಿನಲ್ಲಿ ನಡೆದ ಇಂಥ ಬಲವಂತಗಳಿಗಾಗಿ ಜಗದ್ಗುರು ಎರಡನೆಯ ಜಾನ್ ಪಾಲ್‌ರವರು 2000ದ ಮಾರ್ಚ್ 12ರಂದು ದೇವರಲ್ಲಿ ಬಹಿರಂಗವಾಗಿ ಕ್ಷಮೆ ಬೇಡಿದರು.

ಪವಿತ್ರ ಗ್ರಂಥಕ್ಕೆ ಬರೋಣ. ಇಸ್ರಯೇಲರು ನಮಗೂ ಒಬ್ಬ ಅರಸ ಬೇಕು ಎಂದು ಹಟ ಹಿಡಿದಾಗ ಪ್ರವಾದಿ ಸಮುವೇಲನು ಎಚ್ಚರಿಸಿದ್ದು ನೆನಪಿದೆಯಲ್ಲವೇ? ಅವನು ನಿಮ್ಮ ಮಕ್ಕಳನ್ನು ತನ್ನ ರಥಕ್ಕೆ ಹಚ್ಚುತ್ತಾನೆ, ಹೆಣ್ಣುಮಕ್ಕಳನ್ನು ಅಡಿಗೆಗೆ ಇಟ್ಟುಕೊಳ್ಳುತ್ತಾನೆ, ಹೊಲ ತೋಟ ಕಸಿಯುತ್ತಾನೆ. ಜನ ಕೇಳಲಿಲ್ಲ. ಆಗ ಸಮುವೇಲ ಸೌಲನನ್ನು ಅರಸನನ್ನಾಗಿ ತೋರಿಸಿದ ದಿನವೇ ಅರಸುತನದ ನೀತಿಯನ್ನು ಜನರಿಗೆ ತಿಳಿಸಿ, ಗ್ರಂಥದಲ್ಲಿ ಬರೆದು, ದೇವರ ಸನ್ನಿಧಿಯಲ್ಲಿ ಇಟ್ಟನು. ನಾವು ಬೇಗ ಓದಿ ದಾಟಿಹೋಗುವ ವಾಕ್ಯ ಅದು, ಮೊದಲನೆಯ ಸಮುವೇಲ, ಹತ್ತನೆಯ ಅಧ್ಯಾಯ. ಅರಸ ಪಟ್ಟಕ್ಕೆ ಬಂದ ದಿನವೇ ಅವನ ಮಿತಿಯೂ ಬರಹಕ್ಕೆ ಬಂತು. ಧರ್ಮೋಪದೇಶಕಾಂಡ ಇನ್ನೂ ಮುಂದೆ ಹೋಗಿ, ಅರಸ ಧರ್ಮಶಾಸ್ತ್ರದ ಪ್ರತಿಯೊಂದನ್ನು ಮಾಡಿಕೊಂಡು ಜೀವಮಾನವಿಡೀ ಓದಬೇಕು, ತನ್ನ ಸಹೋದರರಿಗಿಂತ ತಾನು ಮೇಲು ಎಂದು ಎಣಿಸಬಾರದು ಎನ್ನುತ್ತದೆ. ಈ ಬರಹವನ್ನು ಮರೆತ ಅಹಾಬನು ನಾಬೋತನ ದ್ರಾಕ್ಷಿತೋಟಕ್ಕಾಗಿ ಅವನ ಜೀವವನ್ನೇ ತೆಗೆಸಿದ.

ಇನ್ನು ನಾವು ಈ ಭಾನುವಾರ ಆರಾಧಿಸುವ ಅರಸ. ದೇವರಿಗೆ ಮಿತಿ ಹಾಕುವವರು ಯಾರು? ಆದರೂ ಅವರು ನೋವನಿಗೆ ಮಾತು ಕೊಟ್ಟರು, ಅಬ್ರಹಾಮನಿಗೆ ಆಣೆಯಿಟ್ಟರು, ಸೀನಾಯಿ ಬೆಟ್ಟದಲ್ಲಿ ಕಲ್ಲಿನ ಹಲಗೆಗಳ ಮೇಲೆ ಬರೆದುಕೊಟ್ಟರು. ಜನ ಮಾತಿಗೆ ತಪ್ಪಿದರು, ದೇವರು ತಪ್ಪಲಿಲ್ಲ. ಯೇಸುಸ್ವಾಮಿ ಕೊನೆಯ ಭೋಜನದಲ್ಲಿ ಆ ಒಡಂಬಡಿಕೆಯನ್ನು ತಮ್ಮ ರಕ್ತದಿಂದ ಹೊಸದಾಗಿ ಬರೆದು, ಮರುದಿನ ಪಿಲಾತನ ಮುಂದೆ ಕೈ ಕಟ್ಟಿಸಿಕೊಂಡು ನಿಂತರು. ಇತರ ಅರಸರ ಕೈಯನ್ನು ಜನ ಕಷ್ಟಪಟ್ಟು ಕಟ್ಟಬೇಕಾಯಿತು. ಇವರು ತಾವಾಗಿ ಕೊಟ್ಟರು.

ನಮ್ಮ ಕಾಲದ ಶಾಸನ 1950ರ ಜನವರಿ 26ರಂದು ಜಾರಿಗೆ ಬಂದ ಸಂವಿಧಾನ. ಅದರ 13ನೆಯ ಅನುಚ್ಛೇದ, ಮೂಲಭೂತ ಹಕ್ಕುಗಳನ್ನು ಕಸಿಯುವ ಕಾನೂನನ್ನು ಸರ್ಕಾರವೂ ಮಾಡುವಂತಿಲ್ಲ ಎನ್ನುತ್ತದೆ. 25ನೆಯದು ಧರ್ಮವನ್ನು ಅನುಸರಿಸುವ ಸ್ವಾತಂತ್ರ್ಯದ್ದು. ಅದನ್ನು ರಚಿಸಿದ ಸಭೆಯಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಯೇಸುಸಭೆಯ ಗುರು ಜೆರೋಮ್ ಡಿಸೋಜರು ಸದಸ್ಯರಾಗಿದ್ದರು. ಶಾಸನಸಭೆಗಳಲ್ಲಿ ಕ್ರೈಸ್ತರಿಗೆ ಮೀಸಲು ಸ್ಥಾನ ಬೇಕೇ ಎಂಬ ಪ್ರಶ್ನೆ ಬಂದಾಗ, ಅದನ್ನು ಬಿಟ್ಟುಕೊಡಲು ಕ್ರೈಸ್ತ ಪ್ರತಿನಿಧಿಗಳು ಒಪ್ಪಿದರು. ನೆರೆಯವರ ಮಾತನ್ನು ನಂಬಿ ಕೈ ನೀಡಿದ ಬೆಳಗೊಳದ ಜೈನರಿಗೂ ಅವರಿಗೂ ಬಹಳ ದೂರವಿಲ್ಲ. ಅದು ಸರಿಯಾಗಿತ್ತೇ ಎಂದು ನಮ್ಮಲ್ಲಿ ಇಂದೂ ವಾದಿಸುವವರಿದ್ದಾರೆ.

ಶ್ರವಣಬೆಳಗೊಳಕ್ಕೆ ಹೋದವರು ಬೆಟ್ಟ ಹತ್ತಿ ಗೊಮ್ಮಟನನ್ನು ನೋಡಿ ಬಂದುಬಿಡುತ್ತಾರೆ. ಸಮಯವಿದ್ದರೆ ಮಕ್ಕಳನ್ನು ಕರೆದುಕೊಂಡು ಕೆಳಗಿನ ಭಂಡಾರಿ ಬಸದಿಗೂ ಹೋಗಿ ಬನ್ನಿ. ಅಕ್ಷರ ಹಳೆಯದು, ಓದಲು ಬರಲಿಕ್ಕಿಲ್ಲ. ಆ ಶಾಸನ ಅರಸನ ಹೆಸರಿನಿಂದ ಮುಗಿಯುವುದಿಲ್ಲ. ಕೊನೆಗೆ ಸೇರಿಸಿದ ಸಾಲುಗಳಲ್ಲಿ ಕಲ್ಲೇಹದ ಹರ್ವಿಸೆಟ್ಟಿಯ ಮಗ ಬುಸುವಿಸೆಟ್ಟಿ ಎಂಬ ಒಬ್ಬ ವರ್ತಕನ ಹೆಸರಿದೆ. ಬುಕ್ಕರಾಯನಿಗೆ ಬಿನ್ನಹ ಮಾಡಿ, ತಿರುಮಲೆಯ ತಾತಯ್ಯನವರನ್ನು ಕರೆಸಿ, ಕೆಲಸ ಮುಗಿಸಿದವನು ಅವನು. ಜೈನರೂ ವೈಷ್ಣವರೂ ಇಬ್ಬರೂ ಕೂಡಿ ಅವನಿಗೆ ಸಂಘನಾಯಕ ಎಂಬ ಪಟ್ಟವನ್ನು ಕಟ್ಟಿದರು.